ನಡುವೆ ಬರೆಯುವವರು

ನಂಬದವರು ಈಗಲೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಕೂತವರು ಕೇಳಿ. ಒಂದು ಊರಿತ್ತು. ಅಲ್ಲಿಯ ಜನಕ್ಕೆ ದೊಡ್ಡ ಕಿಟಕಿಯೊಂದರ ಮುಂದೆ ಕೂತು ಆಡುವುದೇ ಬದುಕು. ಹಗ್ಗ ಎಳೆದರೆ ಕಿಟಕಿಯೊಳಗಿನ ವೀರ ನೆಗೆಯುತ್ತಿದ್ದ, ಬಿಟ್ಟರೆ ಓಡುತ್ತಿದ್ದ. ನಿಜಕ್ಕೂ ಅಲ್ಲಿ ವೀರನಿರಲಿಲ್ಲ. ಕಿಟಕಿಯ ಹಿಂದಿನ ಓಣಿಯಲ್ಲಿ ಆಳುಗಳು ಹಗ್ಗದ ಗಂಟೆ ಕೇಳಿ, ವೀರನ ತಕ್ಕ ಭಂಗಿ ಬರೆದ ಹಲಗೆ ಹೊತ್ತು, ಒಬ್ಬರ ಹಿಂದೊಬ್ಬರು ಓಡುತ್ತಿದ್ದರು. ಓಟವನ್ನು ಕೂಡಿಸಿಕೊಳ್ಳುತ್ತಿದ್ದುದು ನೋಡುವವರ ಕಣ್ಣು.

ಆ ಆಳುಗಳಲ್ಲಿ ಬಾಯಿ ದೊಡ್ಡದು ಜವರನದು, ಕಾಲೂ ಅಷ್ಟೇ ಚುರುಕು. "ನಮ್ಮೂರಲ್ಲಿ ನಾನು ಓಡಿದ್ರೆ ಮೊಲ ನಿಂತು ದಾರಿ ಬಿಡ್ತಿತ್ತು" ಎನ್ನುತ್ತಿದ್ದ.

"ಮೊಲದ ತಲೆ ಮೇಲೆ ಹಲಗೆ ಇರಲಿಲ್ಲ ಕಣ್ಲಾ" ಎನ್ನುತ್ತಿದ್ದ ಮಂಡಿ ಸವೆದ ಹಿರಿಯಾಳು ಅಂಕಣ್ಣ.

ಹಲಗೆಗಳೋ ಭಾರವಾಗುತ್ತಲೇ ಇದ್ದವು. ಕಿಟಕಿಯ ಯಜಮಾನನಿಗೆ ಹುಲ್ಲು ಎಸಳೆಸಳಾಗಿ ಕಾಣಬೇಕು, ವೀರನ ಮೀಸೆ ಕೂದಲು ಕೂದಲಾಗಿ ಕಾಣಬೇಕು. ಬಣ್ಣದ ಮೇಲೆ ಬಣ್ಣ ಬಳಿದರು. ಆಳುಗಳ ಓಟ ನಡಿಗೆಯಾಯಿತು. ಮುಂದೆ ಕೂತವರಿಗೆ ವೀರ ಕುಂಟತೊಡಗಿದ.

"ಹಲಗೆ ಹಗುರ ಮಾಡಿಸಿ ಸ್ವಾಮಿ, ಓಟ ತಾನಾಗಿ ಬರುತ್ತೆ" ಎಂದು ಜವರ ಕೇಳಿದ. ಅಂಕಣ್ಣನ ಮಂಡಿ ಇನ್ನೊಂದು ಸುಗ್ಗಿ ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಪಕ್ಕದೂರಿನವರು ನಗ್ತಾರೆ" ಎಂದ ಯಜಮಾನ. ಹಲಗೆ ಹಗುರವಾಗಲಿಲ್ಲ. ಬದಲಿಗೆ ಕಿಟಕಿಯ ಪಕ್ಕದಲ್ಲಿ ಮಣೆ ಹಾಕಿ ಕೆಲವರನ್ನು ಕೂರಿಸಿದ. ಅವರು ಬಂದ ಹಲಗೆಯನ್ನು ತಡೆದು, ಮುಂದಿನದು ಬರುವ ತನಕ ಕಾದು, ಎರಡನ್ನೂ ನೋಡಿ, ನಡುವಿನ ಭಂಗಿಗಳು ಏನಿದ್ದಾವೆಂದು ಊಹಿಸಿ ಕಾಗದಗಳ ಮೇಲೆ ಬರೆದು ತೋರಿಸುತ್ತಿದ್ದರು. ವೀರನ ಕುಂಟು ಹೋಯಿತು. ಜನ ತೃಪ್ತಿಯಿಂದ ತಲೆದೂಗಿದರು.

ಜವರನಿಗೆ ರೇಗಿತು, ಸುಸ್ತೂ ಆಗಿತ್ತು. "ಎಲ್ಲಾರೂ ಹಲಗೆ ಇಳಿಸಿ. ಆಟ ನಿಂತಾಗ ಜನ ನಮ್ಮನ್ನ ಕೇಳ್ಕೊಂಡು ಬರ್ತಾರೆ. ಬರದಿದ್ರೆ ಮೀಸೆ ಬೋಳಿಸ್ತೀನಿ" ಎಂದ.

ಎಲ್ಲರೂ ಇಳಿಸಿ ಕೂತರು, ಅಂಕಣ್ಣನೊಬ್ಬನನ್ನು ಬಿಟ್ಟು. "ನಾನು ಕೂತ್ರೆ ಮತ್ತೆ ಏಳಕ್ಕಾಗಲ್ಲ ಮಗ" ಎಂದು ಅವನು ಒಂದು ಹಲಗೆ ಮುಟ್ಟಿಸಿ, ವಾಪಸು ಹೋಗಿ, ಇನ್ನೊಂದನ್ನು ಹೊತ್ತು ಬರುತ್ತಲೇ ಇದ್ದ.

ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಜವರನೇ ಗೋಡೆ ಬಳಸಿ ಮುಂಭಾಗಕ್ಕೆ ಹೋದ. ತಾನು ಹೊತ್ತ ಆಟವನ್ನು ಅವನು ನೋಡಿದ್ದು ಅದೇ ಮೊದಲು. ಅಂಕಣ್ಣನ ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ, ಬರೀ ಕಾಗದಗಳಲ್ಲೇ, ವೀರ ಹರಿಯುವ ನೀರಿನ ಹಾಗೆ ಓಡುತ್ತಿದ್ದ.

ಹಗ್ಗ ಹಿಡಿದು ಕೂತವನೊಬ್ಬನನ್ನು ಕೇಳಿದ: "ಅಣ್ಣ, ಇವತ್ತು ಏನೂ ಕಮ್ಮಿ ಅನ್ನಿಸ್ತಿಲ್ವಾ?"

"ಕಮ್ಮಿಯೇನು, ಬೆಣ್ಣೆ ಹಾಗಿದೆ. ಹಗ್ಗ ಎಳೆದು ಒಂದು ಆಕಳಿಕೆ ತೆಗೆದ ಮೇಲೆ ನೆಗೀತಾನೆ, ಅಷ್ಟೆ. ಬೆಳಗ್ಗಿಂದ ಸೋಲ್ತಾನೇ ಇದೀನಿ."

"ಮತ್ತೆ ಬೇಜಾರಿಲ್ವಾ?"

"ಸೋಲೋದೂ ಎಷ್ಟು ನುಣ್ಣಗಿದೆ ನೋಡಯ್ಯ. ಸ್ವಲ್ಪ ಪಕ್ಕಕ್ಕೆ ನಿಂತ್ಕೋ."

ಜವರ ಪಕ್ಕಕ್ಕೆ ನಿಂತ.

ಸಂಜೆ ಯಜಮಾನ ಓಣಿಗೆ ಬಂದ. ಅವನ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. "ಒಬ್ಬ ಹೊತ್ತರೂ ಆಟ ನಡೆಯುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ತೋರಿಸಿಕೊಟ್ಟೆ" ಎಂದು ಜವರನ ಬೆನ್ನು ತಟ್ಟಿದ. ಕೂತಿದ್ದ ಉಳಿದ ಆಳುಗಳನ್ನೆಲ್ಲ ಅವರವರ ಊರಿಗೆ ಕಳಿಸಿದ. ಹೊರಲು ಅಂಕಣ್ಣನನ್ನು ಮಾತ್ರ ಉಳಿಸಿಕೊಂಡ. ಉಳಿದ ಬಣ್ಣವನ್ನೆಲ್ಲ ಅವನ ಹಲಗೆಗಳಿಗೇ ಬಳಿಸಿದ.

ಜವರ ಏನೋ ಹೇಳಲು ಬಾಯಿ ತೆರೆದ, ಆದರೆ ಕಾಲು ನೋಯುತ್ತಿತ್ತು.

ಜವರನಿಗೆ ಕೊಟ್ಟದ್ದು ಇಷ್ಟು: ಕೂರಲು ಒಂದು ಮಣೆ, ಬರೆಯಲು ಒಂದು ಕುಂಚ, ಅಂಕಣ್ಣ ಮುಂದಿನ ಹಲಗೆ ತರುವ ತನಕ ಕಾಯುವ ಕೆಲಸ.