ಕರೆಂಟು ಹೋಗಿದೆ ಸರಿ, ಪ್ಲಗ್ಗು ಕಿತ್ತಿದ್ದೀರಾ?

ಕರೆಂಟು ಹೋದರೆ ಎಲ್ಲರ ಕೆಲಸ ನಿಲ್ಲುತ್ತದೆ. ಬಡಗಿ ತಮ್ಮನ ರಿಪೇರಿ ಕೆಲಸ ಮಾತ್ರ ಆಗಲೇ ಶುರುವಾಗುತ್ತಿತ್ತು. ಅವತ್ತೂ ಅಷ್ಟೇ. ಗರಗಸದ ಮೆಷಿನ್ನು ನಿಂತಿದ್ದೇ ತಡ, ಬ್ಲೇಡಿನ ಮುಚ್ಚಳ ತೆಗೆದು, ಸಡಿಲವಾದ ನಟ್ಟು ಬಿಗಿ ಮಾಡಲು ಸ್ಪ್ಯಾನರ್ ಹಿಡಿದು ಕೈ ತೂರಿಸಿದ.

ಪಕ್ಕದಲ್ಲಿ ಕುರ್ಚಿಯ ಕಾಲು ಉಜ್ಜುತ್ತಿದ್ದ ಅಕ್ಕ ತಲೆಯೆತ್ತಿದಳು. "ಸ್ವಿಚ್ಚು ಆಫ್ ಮಾಡಿದ್ಯೇನೋ?"

"ಕರೆಂಟೇ ಇಲ್ಲ, ಏನನ್ನಕ್ಕಾ ಆಫ್ ಮಾಡ್ಲಿ? ಮಲಗಿರೋನಿಗೆ ಜೋಗುಳ ಹಾಡು ಅಂತೀಯಲ್ಲ!"

ಅಕ್ಕನಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷದ ಹಿಂದೆ ಅವಳ ಗಂಡನೂ ಕರೆಂಟಿಲ್ಲದ ಹೊತ್ತು ನೋಡಿ ಹೀಗೇ ಕೈ ಹಾಕಿದ್ದ. ಕರೆಂಟು ಬಂತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಬೀದಿಯವರು 'ಎಂಟು ಬೆರಳ ಮೇಸ್ತ್ರಿ' ಎಂದು ಹಲ್ಲು ಕಿರಿಯುತ್ತಾರೆ. ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವವಳು ಇವಳು.

ದಡಕ್ಕನೆ ಎದ್ದು ಪ್ಲಗ್ಗು ಕಿತ್ತಳು. ವೈರಿನ ಸಮೇತ ಮಡಿಲಿಗೆ ಹಾಕಿಕೊಂಡು ಕೂತಳು.

"ಅದೇನು ಕೂಸಾ ಮಡಿಲಲ್ಲಿ ಇಟ್ಕೊಳ್ಳೋಕೆ?" ತಮ್ಮ ನಕ್ಕ.

ನಗು ಮುಗಿದಿರಲಿಲ್ಲ. ತಲೆಯ ಮೇಲಿನ ಫ್ಯಾನು ತಿರುಗಿತು. ದೀಪ ಹತ್ತಿತು. ಪಕ್ಕದ ಮನೆಯ ರೇಡಿಯೋ ಅರ್ಧ ಹಾಡಿನಿಂದ ಕಿರುಚಿತು.

ತಮ್ಮನ ಬೆರಳುಗಳು ಬ್ಲೇಡಿನ ಹಲ್ಲುಗಳ ಮೇಲೇ ಇದ್ದವು. ಮೆಷಿನ್ನು ತೆಪ್ಪಗಿತ್ತು. ಗೋಡೆಯ ಸ್ವಿಚ್ಚು ನೋಡಿದ, ಆನ್ ಆಗಿಯೇ ಇತ್ತು. ಆಮೇಲೆ ಅಕ್ಕನ ಮಡಿಲು ನೋಡಿದ.

"ಅಕ್ಕಾ..."

"ಏನೋ ಅಕ್ಕ! ಈ ಮನೆಯಿಂದ ಎರಡು ಬೆರಳು ತಿಂದಿದ್ದು ಸಾಲ್ದಾ ಆ ಮೆಷಿನ್ನಿಗೆ? ನಾಳೆ ನಿನ್ನ ಗುಂಡಿ ಯಾರು ಹಾಕ್ಬೇಕು? ನಾನೇನು ಗುಂಡಿ ಹಾಕೋ ಅಂಗಡಿ ಇಟ್ಟಿದ್ದೀನಾ?"

ಹಲಗೆ ಹೊತ್ತು ಒಳಬಂದ ಭಾವನಿಗೆ ಎಲ್ಲ ಅರ್ಥವಾಯಿತು. "ಮೊದಲು ಸ್ವಿಚ್ಚು ಆಫ್, ಆಮೇಲೆ ಪ್ಲಗ್ಗು ಕೀಳು. ಬ್ಲೇಡು ತಾನಾಗೇ ಪೂರ್ತಿ ನಿಲ್ಲಲಿ, ಮರದ ತುಂಡು ಒತ್ತಿ ನಿಲ್ಲಿಸ್ಬೇಡ. ಕೆಲಸ ಆದ್ಮೇಲೆ ಸ್ಪ್ಯಾನರ್ ಹೊರಗೆ, ಮುಚ್ಚಳ ಜಾಗಕ್ಕೆ. ಕೊನೆಗೆ ಪ್ಲಗ್ಗು. ನಂಗಿದನ್ನ ಹೇಳೋರೇ ಇರ್ಲಿಲ್ಲ ಕಣಪ್ಪ."

"ನಾನು ಹೇಳಿದ್ದೆ," ಅಕ್ಕ ಗದರಿದಳು. "ನೀವೂ ನಕ್ಕಿದ್ರಿ."

ಭಾವ ಹೊತ್ತ ಹಲಗೆಯನ್ನು ಗೋಡೆಗೆ ಒರಗಿಸಿದ.

ತಮ್ಮ ನಟ್ಟು ಬಿಗಿ ಮಾಡಿ, ಮುಚ್ಚಳ ಹಾಕಿ, ಕೈ ಚಾಚಿದ. "ಈಗ ಕೊಡಕ್ಕಾ."

"ಸ್ವಿಚ್ಚು?"

ಅವನು ಎದ್ದು ಹೋಗಿ ಸ್ವಿಚ್ಚು ಆಫ್ ಮಾಡಿದ. ಆಮೇಲೆಯೇ ಅವಳು ಪ್ಲಗ್ಗು ಕೊಟ್ಟಳು.

ಮೆಷಿನ್ ಮುಂದೆ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಕರೆಂಟು ಹೇಳಿಕೇಳಿ ಬರುವುದಿಲ್ಲ. ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ಗು ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಪ್ಲಗ್ಗಿಲ್ಲದೆ ನೇರ ವೈರು ಎಳೆದಿದ್ದರೆ ಮೇನ್ ಸ್ವಿಚ್ಚು ಆಫ್ ಮಾಡಿ, ಫ್ಯೂಸು ತೆಗೆದು ಜೇಬಿಗೆ ಹಾಕಿಕೊಳ್ಳಿ. ನಗುವವರು ನಗಲಿ. ನಿಮ್ಮ ಅಂಗಿಯ ಗುಂಡಿ ನೀವೇ ಹಾಕಿಕೊಳ್ಳಿ.