ಪರದೆಯ ಮೇಲಿನ ತೊಟ್ಟಿಲು

ಕರೋಶಿಯ ಸುಜಾತಾಳಿಗೆ ಒಂದು ಚಾಳಿ. ತಿರುಗುವುದೇನು ಕಂಡರೂ ಅದು ಹೇಗೆ ತಿರುಗುತ್ತದೆ ಎಂದು ತಿಳಿಯದೆ ತುತ್ತು ಗಂಟಲಲ್ಲಿ ಇಳಿಯದು! ಚಿಕ್ಕೋಡಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಳು. ಅಲ್ಲಿ ಕಲಿಸಿದ ಒಂದು ಸಾಫ್ಟ್‌ವೇರ್ ಅಂತೂ ಅವಳಿಗೆ ಹುಚ್ಚೇ ಹಿಡಿಸಿತ್ತು. ಗಾಲಿ, ಸರಳು, ಕೀಲು ಎಲ್ಲ ಪರದೆಯ ಬದಿಗೆ ಸಾಲಾಗಿ ಕೂತಿರುತ್ತವೆ. ಬೇಕಾದ್ದನ್ನು ಮೌಸಿನಿಂದ ಹಿಡಿದು, ಎಳೆದು ತಂದು, ನಡುವೆ ಬಿಟ್ಟರಾಯಿತು. ಬಟನ್ ಒತ್ತಿದರೆ ಯಂತ್ರ ಥೇಟ್ ನಿಜವಾದದ್ದರ ಹಾಗೆಯೇ ಓಡುತ್ತದೆ.

ಮನೆಯಲ್ಲೇ ಅದಕ್ಕೊಂದು ಕೆಲಸ ಹುಟ್ಟಿತು. ಅವಳ ಅಣ್ಣನ ಹೆಂಡತಿ ಉಜ್ವಲಾ ಹೊಲಿಗೆಯಲ್ಲಿ ಎತ್ತಿದ ಕೈ. ಕೂಸು ಹುಟ್ಟಿದ ಮೇಲೆ ಮಷೀನು ಮುಟ್ಟಲು ಆಗಿರಲಿಲ್ಲ; ತೊಟ್ಟಿಲಿನಿಂದ ಕೈ ತೆಗೆದರೆ ಸಾಕು, ಕೂಸು ಓಣಿಗೆಲ್ಲ ಕೇಳುವಂತೆ ಚೀರುತ್ತಿತ್ತು. "ಮಷೀನ ಅಟ್ಟಕ್ಕ ಹಾಕ್ರಿ. ಕೂಸು ಸಾಲಿಗಿ ಹೋಗೂಮಟಾ ಅದರ ಸುದ್ದಿ ಬ್ಯಾಡ," ಎಂದು ಸುಜಾತಾಳ ಅವ್ವ ಸಾವಿತ್ರೆವ್ವ ಹೇಳಿಬಿಟ್ಟಿದ್ದಳು. ಉಜ್ವಲಾ ಅಡುಗೆಮನೆಯಲ್ಲಿ ಅತ್ತದ್ದನ್ನು ಸುಜಾತಾ ನೋಡಿದ್ದಳು.

"ವೈನಿ, ನೀವು ಕಾಲಿಲೆ ಪೆಡಲ್ ತುಳೀತೀರಲ್ಲ, ಅದಕ್ಕ ತೊಟ್ಲಾ ಜೋಡಿಸಿದ್ರ? ಹೊಲಿಗೀನೂ ಆಗತೈತಿ, ತೂಗೂದೂ ಆಗತೈತಿ!" ಎಂದು ಅತ್ತಿಗೆಯನ್ನು ಕೇಳಿದಳು.

ರವಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು, ಪಡಸಾಲೆಯ ಗೋಡೆ, ಬಾಗಿಲುಗಳ ಗೆರೆ ಎಳೆದು, ಪೆಡಲ್ ತಂದು ಬಿಟ್ಟಳು, ಗಾಲಿ ಬಿಟ್ಟಳು, ತೊಟ್ಟಿಲು ಬಿಟ್ಟಳು, ನಡುವೆ ಕಬ್ಬಿಣದ ಸರಳು ಎಳೆದು ಕೂಡಿಸಿದಳು. ಬಟನ್ ಒತ್ತಿದ್ದೇ ತಡ, ತೊಟ್ಟಿಲು ತೂಗತೊಡಗಿತು. ತುಳಿತ ನಿಲ್ಲಿಸಿದರೆ ತಟ್ಟನೆ ನಿಂತಿತು. ಉಜ್ವಲಾಳ ಮುಖ ಅರಳಿತು.

ಹಿಂದಿನಿಂದ ಸಾವಿತ್ರೆವ್ವ ಚೀರಿದಳು. "ಅಯ್ಯ ಶಿವನ! ಖಾಲಿ ತೊಟ್ಲಾ ತೂಗತಾರೇನ ಬೇ? ಕೂಸಿರೂ ಮನಿ ಇದು!"

"ಯವ್ವಾ, ಇದು ಚಿತ್ರ."

"ಚಿತ್ರ ಇರಲಿ, ಏನರ ಇರಲಿ. ಒಳಗ ಏನರ ಇಡು."

ಅವ್ವನ ಬಾಯಿಗೆ ಹೆದರಿ ಸುಜಾತಾ ಕೂಸಿನಷ್ಟೇ ತೂಕದ ಹಸಿರು ಡಬ್ಬಿಯೊಂದನ್ನು ಎಳೆದು ತೊಟ್ಟಿಲಲ್ಲಿ ಬಿಟ್ಟಳು. ಈಗಲೂ ಚೆನ್ನಾಗಿಯೇ ತೂಗಿತು. ತುಳಿತ ನಿಲ್ಲಿಸಿದಾಗ ಮಾತ್ರ ಎಡವಟ್ಟಾಯಿತು. ತೊಟ್ಟಿಲು ನಿಲ್ಲಲಿಲ್ಲ, ಭಾರದ ರಭಸಕ್ಕೆ ಸರಳನ್ನು ದಬ್ಬಿತು, ಸರಳು ಗಾಲಿಯನ್ನು ತಿರುಗಿಸಿತು. ಗಾಲಿ ತಿರುಗಿದ ಮೇಲೆ ಸೂಜಿ ಇಳಿಯದೆ ಇರುತ್ತದೆಯೇ!

"ಬಟ್ಟಿ ಸರಸೂವಾಗ ಬೆರಳು ಅಲ್ಲೇ ಇರತಾವಲ್ಲ," ಎಂದು ಉಜ್ವಲಾ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ ಬಿಡ ಸುಜಾತಾ. ಅಟ್ಟಕ್ಕ ಹಾಕೂಣು."

ಖಾಲಿ ತೊಟ್ಟಿಲನ್ನೇ ನಂಬಿ ಕಟ್ಟಿಸಿದ್ದರೆ ಗತಿ ಏನಾಗುತ್ತಿತ್ತು ಎಂದುಕೊಂಡಳು ಸುಜಾತಾ. ಆದರೂ ಕೈ ಸುಮ್ಮನಿರಬೇಕಲ್ಲ! ಸರಳು ತೆಗೆದು ಹಗ್ಗ ತಂದಳು. ಒಂದು ತುದಿ ತೊಟ್ಟಿಲಿಗೆ. ಇನ್ನೊಂದು ಎಲ್ಲಿಗೆ? ಗಾಲಿಗೆ ಬೇಡ, ಪೆಡಲಿಗೂ ಬೇಡ. ಹಗ್ಗದ ತುದಿ ಹಿಡಿದುಕೊಂಡು ಪರದೆಯ ತುಂಬ ಅಲೆದಾಡಿದಳು.

ಸಾವಿತ್ರೆವ್ವ ಯಾವಾಗಲೋ ಮಗ್ಗುಲಿಗೆ ಬಂದು ಕೂತು, ಕಣ್ಣು ಕಿರಿದು ಮಾಡಿ ಪರದೆ ನೋಡುತ್ತಿದ್ದಳು.

"ಈ ಕಡೆ ತಾ. ಇನ್ನಷ್ಟ ಈ ಕಡೆ. ಬಾಗಲ ಹತ್ರ."

"ಅಲ್ಲೇನೈತಿ ಯವ್ವಾ? ಮಷೀನ ಇತ್ತಾಗೈತಿ."

"ಅಲ್ಲಿ ನಾ ಕುಂದರತೀನಲ್ಲ. ಹಗ್ಗ ನನ್ನ ಕೈಯಾಗ ಬಿಡು."

ಸುಜಾತಾ ಹಗ್ಗದ ತುದಿಯನ್ನು ಅಲ್ಲೇ ಬಿಟ್ಟಳು. ಉಜ್ವಲಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಅತ್ತಿ, ನಿಮಗ ಸಾಕಾದ್ರ?"

"ಸಾಕಾದ್ರ ಹೇಳತೀನಿ. ನಾ ಏನ ಆ ಗಾಲಿ ಅದೀನೇನ, ಸಾಕಾದ್ರೂ ಸುಮ್ಮನ ತಿರಗಾಕ?" ಎಂದಳು ಸಾವಿತ್ರೆವ್ವ. "ಹೋಗು, ಸೂಜಿಗಿ ದಾರ ಪೋಣಸು."