ಎಡಗಣ್ಣಿನ ಕಾಡಿಗೆ

ಭಾದ್ರಪದದಲ್ಲಿ, ಕಿವಿಯ ಮೇಲೆ ಣಮೋಕಾರ ಮಂತ್ರ ಬೀಳುತ್ತಿರುವಾಗಲೇ, ಮಂಗಲ ಕಣ್ಣು ಮುಚ್ಚಿದಳು. ಅಂದಿನಿಂದ ಚಿಕ್ಕೋಡಿಯ ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಗಂಡ ಬಾಪುಸಾಹೇಬರಿಗೆ ನೋವಾದೀತೆಂಬ ಅಂತಃಕರಣ, ಬೇರೇನಿಲ್ಲ. ಸೊಸೆ ಬ್ರಾಹ್ಮಿ ಒಗ್ಗರಣೆ ಹಾಕುವಾಗ ‘ಅತ್ತಿಯಾರು ಹಿಂಗ...’ ಎಂದು ಶುರುಮಾಡಿ, ಮಾವನವರನ್ನು ಕಂಡೊಡನೆ ಮಾತನ್ನು ನುಂಗುತ್ತಿದ್ದಳು. ಆದರೆ ಮುದುಕರ ಮನಸ್ಸಿನಲ್ಲಿದ್ದುದೇ ಬೇರೆ. ದಿನಾ ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ನೋಡಿಕೊಂಡು ಮರಳುವಾಗ, ಇಂದಾದರೂ ಯಾರೋ ಒಬ್ಬರು ಅವಳ ಮಾತು ತೆಗೆಯಲಿ ಎಂದು ಅವರು ಹಂಬಲಿಸುತ್ತಿದ್ದರು. ತಾವಾಗಿ ತೆಗೆಯಹೋದರೆ ಮಾತು ಮಳೆ ಬೆಳೆಯ ಕಡೆಗೆ ಜಾರುತ್ತಿತ್ತು. ಹೀಗೇ ಬಿಟ್ಟರೆ ಇಷ್ಟು ವರ್ಷ ಬಾಳಿದವಳು ಗೋಡೆಯ ಮೇಲಿನ ಒಂದು ಫೋಟೋ ಆಗಿ ಹೋಗುತ್ತಾಳಲ್ಲ ಎಂಬ ಹೆದರಿಕೆ ಅವರನ್ನು ಕಾಡುತ್ತಿತ್ತು.

ಮೊಮ್ಮಗಳು ಅಪೂರ್ವಳ ನಿಶ್ಚಿತಾರ್ಥ ಬಂತು. ಈಗಿನ ಹುಡುಗಿಯರಿಗೆ ಎಪ್ಪತ್ತರ ದಶಕದ ಶೃಂಗಾರದ ಹುಚ್ಚು ಮರಳಿ ಹತ್ತಿದೆ. ಕಿವಿಯ ಕಡೆಗೆ ಎಳೆದ ಕಾಡಿಗೆ, ಎತ್ತರಕ್ಕೆ ಕಟ್ಟಿದ ತುರುಬು, ಗುಲಾಬಿ ಗಲ್ಲ. ಮೊಬೈಲಿನಲ್ಲಿ ನೋಡಿದಲ್ಲೆಲ್ಲ ಅದೇ. ಅಪೂರ್ವಳೂ ಹಟ ಹಿಡಿದಳು. ‘ಯಾವ ನಟಿ ಹಂಗೂ ಬ್ಯಾಡ, ನನಗ ನಮ್ಮ ಆಯಿ ಹಂಗ ಮಾಡ್ರಿ’ ಎಂದು ಅಜ್ಜಿಯ ಲಗ್ನದ ಫೋಟೋವನ್ನು ಗೋಡೆಯಿಂದ ಇಳಿಸಿ, ಶೃಂಗಾರ ಮಾಡಲು ನಿಪ್ಪಾಣಿಯಿಂದ ಬಂದಿದ್ದ ಸೀಮಾಳ ಮುಂದೆ ಇಟ್ಟಳು. ಕಪ್ಪು ಬಿಳುಪಿನ ಫೋಟೋ, ಮೇಲೆ ಕೈಯಿಂದ ಹಚ್ಚಿದ ಬಣ್ಣ.

ಒಳಗೆ ಬಾಗಿಲು ಹಾಕಿಕೊಂಡು ತಾಸುಗಟ್ಟಲೆ ಕೆಲಸ ನಡೆಯಿತು. ಹೊರಗೆ ಕುಳಿತ ಬಾಪುಸಾಹೇಬರು ಮತ್ತೆ ಮತ್ತೆ ಕನ್ನಡಕ ಒರೆಸುತ್ತಿದ್ದರು. ಬಾಗಿಲು ತೆರೆಯಿತು.

“ಅಜ್ಜಾ, ನೋಡ್ರಿ. ಥೇಟ್ ಆಯಿ ಹಂಗ ಆಗೇನಿಲ್ರಿ?” ಎಂದಳು ಅಪೂರ್ವ.

ಬ್ರಾಹ್ಮಿ ಮಗಳಿಗೆ ಕಣ್ಣು ಮಾಡಿದಳು. ಮಾವನವರ ಮುಂದೆ ಆ ಮಾತು ಯಾಕೆ ತೆಗೆದೆ ಎಂಬ ಗದರಿಕೆ ಅದರಲ್ಲಿತ್ತು. ಬಾಪುಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಫೋಟೋದ ಹಾಗೆಯೇ ಇತ್ತು. ಬಲಗಣ್ಣಿನ ಕಾಡಿಗೆ ಕಣ್ಣಿನಂಚು ದಾಟಿ ನಿಂತಿತ್ತು. ಎಡಗಣ್ಣಿನದು ಹುಬ್ಬಿನ ತುದಿಯನ್ನೂ ಮೀರಿ ಕಿವಿಯ ಹತ್ತಿರದವರೆಗೆ ಹೋಗಿತ್ತು.

“ಎಡಕ್ಕ ಯಾಕ ಉದ್ದ ಆಗೇತಿ?” ಎಂದು ಕೇಳಿದರು.

“ಅದು ಆಗಿನ ಫ್ಯಾಶನ್ರಿ ಅಜ್ಜಾರ,” ಎಂದಳು ಸೀಮಾ ಹೆಮ್ಮೆಯಿಂದ. “ಫೋಟೋದಾಗ ಹಂಗs ಐತಿ ನೋಡ್ರಿ. ಸ್ಕೇಲ್ ಹಿಡದು ಅಳದೇನ್ರಿ.”

ಬಾಪುಸಾಹೇಬರ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಬ್ರಾಹ್ಮಿ ನೀರು ತರಲು ಓಡಿದಳು. ಅವರು ನಗುತ್ತಿದ್ದರು. ಭಾದ್ರಪದದ ನಂತರ ಇದೇ ಮೊದಲ ನಗು.

“ಹುಚ್ಚವ್ವ, ಅದು ಫ್ಯಾಶನ್ ಅಲ್ಲ. ನನ್ನ ತಪ್ಪು. ನಿಮ್ಮ ಆಯಿ ಜನ್ಮದಾಗ ಬಾಲದ ಕಾಡಿಗಿ ಹಚ್ಚಿದಾಕಿ ಅಲ್ಲ.”

ಬಾಪುಸಾಹೇಬರಿಗೇ ಗೊತ್ತಿಲ್ಲದಂತೆ ಮಾತು ಮುಂದುವರಿಯಿತು. ಲಗ್ನವಾಗಿ ಒಂದು ವಾರಕ್ಕೆ ಗಂಡಹೆಂಡಿರು ನಿಪ್ಪಾಣಿಯ ಸ್ಟುಡಿಯೋಕ್ಕೆ ಫೋಟೋ ತರಲು ಹೋಗಿದ್ದರಂತೆ. ಅಲ್ಲಿಯ ಕಲಾವಿದನ ಕೈಗೆ ಸಿಕ್ಕ ಮದುಮಗಳಿಗೆಲ್ಲ ಸಿನಿಮಾ ನಾಯಕಿಯ ಕಣ್ಣೇ. ಸಣ್ಣ ಕುಂಚದಿಂದ ಮಂಗಲಳ ಫೋಟೋಕ್ಕೂ ಕಾಡಿಗೆ ಎಳೆಯುತ್ತ ಕುಳಿತಿದ್ದ. ಹೊರಗೆ ಹೊತ್ತು ಇಳಿಯುತ್ತಿತ್ತು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು ಅವಳು. ಮುಳುಗಿತೆಂದರೆ ಹೊಸ ಹೆಂಡತಿ ರಾತ್ರಿಯೆಲ್ಲ ಉಪವಾಸ.

“‘ಲಗೂ ಮಾಡ್ರಿ ಮಾರಾಯರ’ ಅಂತ ಮೇಜಿನ ಮ್ಯಾಲ ಕೈ ಊರಿ ಬಗ್ಗಿದ್ನಿ. ಮೇಜು ಅಲುಗಾಡ್ತು. ಕುಂಚ ಜಾರಿ ಎಲ್ಲಿಗೋ ಹೋತು!”

“ಮತ್ತ ಬ್ಯಾರೆ ಮಾಡಿಸಲಿಲ್ರಿ?” ಎಂದಳು ಅಪೂರ್ವ.

“ನಾಳಿ ಬರ್ರಿ ಅಂದ ಅವ. ನಿಮ್ಮ ಆಯಿ ಇರಲಿ ಅಂದ್ಳು. ಬಸ್‌ಸ್ಟ್ಯಾಂಡಿಗೆ ಓಡಿದ್ವಿ. ಹೊತ್ತು ಇನ್ನೂ ಗೇಣುದ್ದ ಇತ್ತು. ಬಾಳಿಹಣ್ಣು ಕೊಡಿಸಿದ್ನಿ. ಬಾಯಿತುಂಬ ಹಣ್ಣು ಇಟಗೊಂಡು ಫೋಟೋ ನೋಡಿ, ‘ಈಕಿ ಯಾರ್ರಿ? ನಿಮ್ಮ ಎರಡನೇ ಹೆಂಡತಿ ಏನು?’ ಅಂತ ಕೇಳಿದ್ಳು. ಮೊದಲು ನನ್ನ ಜೋಡಿ ಮುಖ ಎತ್ತಿ ಮಾತಾಡಿದ್ದs ಅವತ್ತು.”

ಬ್ರಾಹ್ಮಿ ನೀರಿನ ತಂಬಿಗೆ ಹಿಡಿದು ನಿಂತೇ ಇದ್ದಳು. ಸೀಮಾಳ ಮುಖ ಸಣ್ಣದಾಯಿತು. “ಒರಿಸಿ ಸರಿ ಮಾಡ್ಲೇನ್ರಿ?” ಎಂದು ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು.

ಅಪೂರ್ವ ಎರಡೂ ಕೈಯಿಂದ ಮುಖ ಮರೆಮಾಡಿಕೊಂಡಳು. “ಮುಟ್ಟಬ್ಯಾಡ್ರಿ! ಇದs ಇರಲಿ.”

ಅದೇ ಜಿಲ್ಲೆಯ ಅನಂತಪುರದ ಬೀಗರು ಬಂದರು. ಅವರಲ್ಲಿ ಹಿರಿಯಳು ವರನ ಅಜ್ಜಿ ಶೇವಂತಾಬಾಯಿ. ಹುಡುಗಿಗೆ ಉಡಿ ತುಂಬುತ್ತ, ದಿಟ್ಟಿಸಿ ನೋಡಿ ಕೇಳಿಯೇಬಿಟ್ಟಳು, “ಯವ್ವಾ, ನಿನಗ ಕಾಡಿಗಿ ಹಚ್ಚಿದಾಕಿಗೆ ಒಂದs ಕಣ್ಣು ಕಾಣತಿತ್ತೇನ?”

ಹೆಂಗಸರು ಕಿಸಕ್ಕನೆ ನಕ್ಕರು. ಬಾಪುಸಾಹೇಬರು ಪಡಸಾಲೆಯ ಗಂಡಸರ ನಡುವೆ ಕುಳಿತಲ್ಲಿಯೇ ಕಿವಿ ನಿಮಿರಿಸಿದರು. ಹೊಸ ಬೀಗರೆದುರು ಹುಡುಗಿ ನಾಚಿ ಸುಮ್ಮನಾದಾಳೆಂದುಕೊಂಡರು. ಅಪೂರ್ವ ತಲೆ ಎತ್ತಿ, “ಇಲ್ರಿ. ಇದು ನಮ್ಮ ಆಯಿ ಮಂಗಲಬಾಯಿ ಕಾಡಿಗಿ ಐತ್ರಿ,” ಎಂದು ಕತೆ ಶುರುಮಾಡಿದಳು. ಸ್ಟುಡಿಯೋ ಬಂತು, ಮೇಜು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ಶೇಂಗಾ ಕೊಡಿಸಿದ ಎಂದಳು.

“ಶೇಂಗಾ ಅಲ್ಲವಾ, ಬಾಳಿಹಣ್ಣು!” ಎಂದು ಬಾಪುಸಾಹೇಬರು ಪಡಸಾಲೆಯಿಂದಲೇ ಕೂಗಿದರು.

“ಅಲ್ಲಿ ಕುಂತು ಏನ ಒದರತೀರಿ, ಈ ಕಡೆ ಬಂದು ಹೇಳ್ರಿ ಬೀಗರ,” ಎಂದಳು ಶೇವಂತಾಬಾಯಿ. “ಮಂಗಲಬಾಯಿ ಬಾಯಿ ಬಾಳ ಜೋರ ಇತ್ತೇನ್ರಿ?”

“ನಮ್ಮತ್ತೀದಾ?” ಅಡುಗೆಮನೆಯಿಂದ ಬ್ರಾಹ್ಮಿಯ ದನಿ ಬಂತು. “ನಾ ಬಂದ ಮೊದಲನೇ ದಿನ ಏನಂದ್ರು ಗೊತ್ತೇನ್ರಿ?” ಎನ್ನುತ್ತ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ಬಾಪುಸಾಹೇಬರು ಕುರ್ಚಿ ಎಳೆದುಕೊಂಡು ಹೆಂಗಸರ ನಡುವೆ ಹೋಗಿ ಕುಳಿತರು. ಸೊಸೆ ಹೇಳಲಿರುವುದು ಏನೆಂದು ಅವರಿಗೂ ಗೊತ್ತಿರಲಿಲ್ಲ. ಮನಸ್ಸಿನೊಳಗೇ ಜಿನೇಶ್ವರನಿಗೆ ಕೈಮುಗಿದರು. ಹೆಸರು ಮರೆತುಹೋಗಿದ್ದ ಆ ನಿಪ್ಪಾಣಿಯ ಕಲಾವಿದನನ್ನೂ ನೆನೆದು ಮತ್ತೊಮ್ಮೆ ಮುಗಿದರು.

“ಹೇಳವ್ವ,” ಎಂದರು ಸೊಸೆಗೆ, “ಏನಂದ್ಳು ಆಕಿ?”